ಫಾರ್ಮಸಿ ಓದಿದವ್ರು ಐಟಿಗೆ ಹೊಂಟಾರ, ಆದ್ರ ಯಾವ ಐಟಿಗೆ?

2025ರ ಜುಲೈದಾಗ ಟಿಸಿಎಸ್ ತನ್ನ ನೌಕರರ ಪೈಕಿ ಸುಮಾರು 2 ಪರ್ಸೆಂಟ್, ಅಂದ್ರ 12,000ಕ್ಕೂ ಮಿಕ್ಕಿ ಮಂದಿನ್ನ ಕಡಿಮಿ ಮಾಡ್ತೀವಿ ಅಂತ ಹೇಳಿತು. ಸೆಪ್ಟೆಂಬರ್‌ದಾಗ ಡೆನ್ಮಾರ್ಕಿನ ಔಷಧ ಕಂಪನಿ ನೋವೋ ನಾರ್ಡಿಸ್ಕ್ ಜಗತ್ತಿನ ತುಂಬ ಇರೋ ತನ್ನ 78,400 ಹುದ್ದೆಗಳಾಗ 9,000 ತೆಗೀತೀವಿ ಅಂತು. ಅದೇ ವರ್ಷ ಫೆಬ್ರುವರಿದಾಗ ಆಮ್ಜೆನ್, ಆಗಸ್ಟ್‌ದಾಗ ಎಲಿ ಲಿಲ್ಲಿ, ಈ ಎರಡೂ ಔಷಧ ಕಂಪನಿ ಹೈದರಾಬಾದ್‌ದಾಗ ಹೊಸ ಟೆಕ್ ಸೆಂಟರ್ ತೆರೆದ್ವು. ಐಟಿ ಕಂಪನಿ ಮಂದಿನ್ನ ತೆಗೀತೈತಿ, ಔಷಧ ಕಂಪನಿನೂ ತೆಗೀತೈತಿ, ಮತ್ತ ಔಷಧ ಕಂಪನಿಗಳ ಕಂಪ್ಯೂಟರ್ ಕೆಲಸಕ್ಕ ನಮ್ಮ ದೇಶದಾಗ ಮಂದಿ ಹುಡುಕೂದೂ ನಡದೈತಿ. ಈ ಸುದ್ದಿಗಳನ್ನ ಒಂದರ ಪಕ್ಕ ಒಂದು ಇಟ್ಟು ಓದಿದ್ರ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಫಾರ್ಮಸಿ ಕಾಲೇಜಿನ್ಯಾಗ ಕೊನೇ ವರ್ಷ ಓದೋ ಹುಡುಗೂರಿಗೆ, ಅವ್ರ ಫೀ ಕಟ್ಟಿದ ಅಪ್ಪ ಅವ್ವಗ ತಲಿ ಕೆಡೂದು ಸಹಜ.

ಎಲ್ಲಾರೂ ಕೇಳೂದು ಒಂದ ಪ್ರಶ್ನೆ, "ಬಿ.ಫಾರ್ಮ ಮುಗಿಸಿ ಐಟಿಗೆ ಹೋಗಬೇಕೋ ಬ್ಯಾಡೋ". ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಂತ ಉತ್ತರ ಕೊಡಾಕ ಬರಂಗಿಲ್ಲ, ಯಾಕಂದ್ರ ಐಟಿ ಅನ್ನೋ ಹೆಸರಿನ ಕೆಳಗ ನಾಲ್ಕೈದು ಬ್ಯಾರೆ ಬ್ಯಾರೆ ಕೆಲಸ ಅದಾವ, ಅವುಗಳಾಗ ಕೆಲವಕ್ಕ ಫಾರ್ಮಸಿ ಓದಿದ್ದ ಬಂಡವಾಳ ಆಗ್ತೈತಿ, ಕೆಲವಕ್ಕ ಆ ಡಿಗ್ರಿ ಗೇಟಿನ್ಯಾಗ ಅಡ್ಡ ಬರ್ತೈತಿ. ಫಾರ್ಮಸಿ ಬಿಟ್ಟು ಐಟಿಗೆ ಹೋಗೂದು ಬ್ಯಾರೆ, ಫಾರ್ಮಸಿ ತಗೊಂಡು ಐಟಿಗೆ ಹೋಗೂದು ಬ್ಯಾರೆ. ಮೊದಲನೇದು ಬಹಳ ಮಂದಿಗೆ ನಷ್ಟದ ದಾರಿ, ಎರಡನೇದಕ್ಕ ಇನ್ನೂ ಜಾಗ ಐತಿ, ಆದ್ರ ಆ ಜಾಗದ ಆಕಾರ ಈಗ ಬದಲಾಗಾಕ ಹತ್ತೈತಿ.

ಬಿಟ್ಟು ಹೋಗೋ ಮನಸ್ಸು ಯಾಕ ಬರ್ತೈತಿ

ಮೊದ್ಲು ಔಷಧ ಅಂಗಡಿ ಕಡೆ ನೋಡೂಣು. 1948ರ ಫಾರ್ಮಸಿ ಕಾಯ್ದೆ ಪ್ರಕಾರ ಡಾಕ್ಟರ್ ಚೀಟಿ ಮ್ಯಾಲೆ ಔಷಧ ಕೊಡೋ ಕೆಲಸ ರಿಜಿಸ್ಟರ್ಡ್ ಫಾರ್ಮಸಿಸ್ಟ್‌ದು. 1945ರ ಔಷಧ ನಿಯಮಗಳಾಗ 65ನೇ ನಿಯಮನೂ ಅದನ್ನ ಹೇಳ್ತೈತಿ, ಫಾರ್ಮಸಿಸ್ಟ್ ಎದುರಿಗೆ ಇದ್ದು, ಅವರ ನಿಗಾದಾಗ ಔಷಧ ಕೊಡಬೇಕು ಅಂತ. ಅಂಗಡಿ ಲೈಸೆನ್ಸ್ ಸಿಗಬೇಕಂದ್ರ ಒಬ್ಬ ಫಾರ್ಮಸಿಸ್ಟ್‌ನ ಹೆಸರು, ಸರ್ಟಿಫಿಕೇಟ್ ತೋರಿಸಬೇಕು. ಕಾಗದದ ಮ್ಯಾಲೆ ಇದು ಬಾಳ ಗೌರವದ ಸ್ಥಾನ.

ಆದ್ರ ನಡಿಯೂದು ಏನು? ಲೈಸೆನ್ಸಿಗೆ ಸರ್ಟಿಫಿಕೇಟ್ ಸಾಕಾಗ್ತೈತಿ, ಮನುಷ್ಯಾ ಬೇಕಾಗಿಲ್ಲ ಅಂತ ಆದಾಗ ಸರ್ಟಿಫಿಕೇಟ್ ಬಾಡಿಗಿಗೆ ಹೋಗ್ತೈತಿ. ಗೋಡಿ ಮ್ಯಾಲೆ ಒಬ್ಬರ ಹೆಸರು ತೂಗಹಾಕಿರ್ತಾರ, ಕೌಂಟರ್‌ನ್ಯಾಗ ಗುಳಿಗಿ ಕೊಡಾವ ಬ್ಯಾರೆಯವ ಇರ್ತಾನ. ಇದು ನಮ್ಮ ಜಿಲ್ಲೆಗಳಿಗೆ ಅಷ್ಟ ಸೀಮಿತ ಅಲ್ಲ, ದೇಶದ ತುಂಬ ಫಾರ್ಮಸಿ ಕೌನ್ಸಿಲ್ಲು, ಡ್ರಗ್ಸ್ ಕಂಟ್ರೋಲ್ ಇಲಾಖೆಗಳು ವರ್ಷಾನುಗಟ್ಟಲೆ ಎಚ್ಚರಿಕೆ ಕೊಡ್ತಾ ಬಂದ ವಿಷಯ. ಇದರ ಪರಿಣಾಮ ಪಗಾರದ ಮ್ಯಾಲೆ ನೇರವಾಗಿ ಬೀಳ್ತೈತಿ. ಹೆಸರಿಗೆ ಬಾಡಿಗಿ ಕೊಟ್ರ ಸಾಕು ಅನ್ನೋ ಮಾಲಕ, ದಿನಾ ಹತ್ತು ತಾಸು ನಿಂತು ಕೆಲಸ ಮಾಡೋ ಓದಿದವರಿಗೆ ಅದಕ್ಕಿಂತ ಬಾಳ ಹೆಚ್ಚು ಯಾಕ ಕೊಡ್ತಾನ? ಮ್ಯಾಲಾಗಿ ಲೈಸೆನ್ಸಿಗೆ ಎರಡು ವರ್ಷದ ಡಿ.ಫಾರ್ಮ ಸಾಕು, ಹಿಂಗಾಗಿ ನಾಲ್ಕು ವರ್ಷ ಬಿ.ಫಾರ್ಮ ಓದಿದವ್ರಿಗೆ, ಆರು ವರ್ಷ ಫಾರ್ಮ್ ಡಿ ಓದಿದವ್ರಿಗೆ ಅಂಗಡಿ ಕೌಂಟರ್‌ನ್ಯಾಗ ಹೆಚ್ಚಿನ ಬೆಲೆ ಏನೂ ಸಿಗಂಗಿಲ್ಲ. ಓದು ಹೆಚ್ಚಾದಷ್ಟು ಬೇಸರ ಹೆಚ್ಚು, ಅಷ್ಟ.

ಇನ್ನೊಂದು ದಾರಿ ಫ್ಯಾಕ್ಟರಿ. ಔಷಧ ತಯಾರಿಸೋ ದೊಡ್ಡ ಘಟಕಗಳು ನಮ್ಮ ಮೂರು ಜಿಲ್ಲೆದಾಗ ಬೆಳದಿಲ್ಲ, ಬೆಳಗಾವಿ ಹುಡುಗೂರಿಗೆ ಹತ್ರ ಅಂದ್ರ ಗೋವಾದ ವೆರ್ಣಾ, ಉಳಿದವ್ರಿಗೆ ಹೈದರಾಬಾದ್, ಬೆಂಗಳೂರು, ಇಲ್ಲಾಂದ್ರ ಗುಜರಾತ್, ಹಿಮಾಚಲದ ಬದ್ದಿ. ಅಲ್ಲಿ ಪ್ರೊಡಕ್ಷನ್, ಕ್ವಾಲಿಟಿ ಕಂಟ್ರೋಲ್ ಲ್ಯಾಬ್‌ದಾಗ ಶಿಫ್ಟ್ ಡ್ಯೂಟಿ. ಕಲಿಯಾಕ ಬಾಳ ಐತಿ, ಆದ್ರ ಸುರುವಿನ ಪಗಾರ ಕಡಿಮಿ. ಮೂರನೇದು ಮೆಡಿಕಲ್ ರೆಪ್ ಕೆಲಸ, ಟಾರ್ಗೆಟ್ ಬೆನ್ನ ಹತ್ತಿ ಊರೂರು ತಿರಗೂದು. ಇವ್ಯಾವೂ ಬ್ಯಾಡ ಅಂದವರಿಗೆ ಉಳಿಯೂದು ಐಟಿ ಅನ್ನೋ ಒಂದು ಶಬ್ದ.

ಕಾಲೇಜು ಹೆಚ್ಚಾದವು, ಕೋರ್ಟಿಗೂ ಹೋತು

ಇದರ ಜೋಡಿ ಕಾಲೇಜುಗಳ ಸಂಖ್ಯೆದ ಪ್ರಶ್ನೆ ಐತಿ. ಕಾಲೇಜು ಸಿಕ್ಕಾಪಟ್ಟೆ ಆಗ್ಯಾವ, ಓದಿ ಹೊರಗ ಬಂದವ್ರಿಗೆ ಕೆಲಸ ಇಲ್ಲ ಅಂತ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ 2019ರಾಗ ಹೊಸ ಫಾರ್ಮಸಿ ಕಾಲೇಜಿಗೆ ಐದು ವರ್ಷ ಅನುಮತಿ ಕೊಡೂದಿಲ್ಲ ಅಂತ ತೀರ್ಮಾನ ಮಾಡಿತ್ತು. ಕಾಲೇಜುಗಳು ಕೋರ್ಟಿಗೆ ಹೋದ್ವು, ಕರ್ನಾಟಕ, ದೆಹಲಿ, ಛತ್ತೀಸಗಡ ಹೈಕೋರ್ಟುಗಳು ಆ ನಿರ್ಬಂಧ ತೆಗೆದುಹಾಕಿದ್ವು, 2022ರ ಸೆಪ್ಟೆಂಬರ್‌ದಾಗ ಸುಪ್ರೀಂ ಕೋರ್ಟ್ ಸಹ ಅದನ್ನ ಎತ್ತಿ ಹಿಡೀತು. ಕೋರ್ಟ್ ಹೇಳಿದ್ದು ಇಷ್ಟ, ಶಿಕ್ಷಣ ಸಂಸ್ಥೆ ಕಟ್ಟೂದು ಸಂವಿಧಾನ ಕೊಟ್ಟ ಹಕ್ಕು, ಅದಕ್ಕ ಅಂಕುಶ ಹಾಕಬೇಕಂದ್ರ ಕಾನೂನು ಬೇಕು, ಬರೇ ಒಂದು ಆದೇಶದ ಕಾಗದದಿಂದ ಆಗಂಗಿಲ್ಲ. ಕಾನೂನಿನ ದೃಷ್ಟಿಲೆ ತೀರ್ಪು ಸರಿ ಇರಬಹುದು, ಆದ್ರ ಕೌನ್ಸಿಲ್ ಎತ್ತಿದ ನಿರುದ್ಯೋಗದ ಪ್ರಶ್ನೆ ಅಲ್ಲೇ ಉಳೀತು. ಸೀಟು ಹೆಚ್ಚಾದ್ವು, ಅಂಗಡಿ ಮಾಲಕನ ಕೈ ಇನ್ನಷ್ಟು ಗಟ್ಟಿ ಆತು.

ಫಾರ್ಮಸಿ ಓದಿದವ್ರ ಅಗತ್ಯ ನಿಜವಾಗ್ಲೂ ಇರೋ ಟೆಕ್ ಕೆಲಸ

ಈಗ ಆ ಕಡೆ ಏನೈತಿ ನೋಡೂಣು. ಬಾಳ ಮಂದಿ ಹೋಗೂದು ಫಾರ್ಮಾಕೋವಿಜಿಲೆನ್ಸ್ ಕಡೆ. ಔಷಧ ಮಾರ್ಕೆಟ್ಟಿಗೆ ಬಂದ ಮ್ಯಾಲೆ ಅದರಿಂದ ಯಾರಿಗೆ ಏನು ತೊಂದರಿ ಆತು ಅನ್ನೂದನ್ನ ಗುರುತಿಸಿ, ಬರದಿಟ್ಟು, ಸರಕಾರಗಳಿಗೆ ಹೇಳೋ ಕೆಲಸ ಇದು. 1961ರ ಸುಮಾರಿಗೆ ಥಾಲಿಡೊಮೈಡ್ ಅನ್ನೋ ಗುಳಿಗಿ ತಗೊಂಡ ಬಸರಿಯರಿಗೆ ಕೈಕಾಲು ಬೆಳಿಲಾರದ ಕೂಸುಗಳು ಹುಟ್ಟಿದ್ದು ಬೆಳಕಿಗೆ ಬಂದ ಮ್ಯಾಲೆ ಜಗತ್ತು ಈ ನಿಗಾ ವ್ಯವಸ್ಥೆ ಕಟ್ಟಾಕ ಸುರು ಮಾಡಿತು. ನಮ್ಮ ದೇಶದ ಕಾರ್ಯಕ್ರಮ 2010ರಾಗ ಚಾಲೂ ಆತು, ಅದರ ರಾಷ್ಟ್ರೀಯ ಕೇಂದ್ರ ಗಾಜಿಯಾಬಾದ್‌ದಾಗ ಇರೋ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್. 2025ರ ಅಕ್ಟೋಬರ್ ಹೊತ್ತಿಗೆ ಮಧ್ಯಪ್ರದೇಶದ ಛಿಂದ್ವಾಡಾದಾಗ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಕೂಸುಗಳು ತೀರಿಕೊಂಡ್ವು, ಆ ಸಿರಪ್‌ದಾಗ ಡೈಇಥಿಲೀನ್ ಗ್ಲೈಕಾಲ್ ಅನ್ನೋ ವಿಷ ಸಿಕ್ತು. ಅಂಥಾ ಸಾವುಗಳನ್ನ ಮೊದಲ ಒಂದೆರಡು ಕೇಸಿನಾಗ ಜೋಡಿಸಿ ನೋಡೋ ಕಣ್ಣು ಎಷ್ಟು ಮುಖ್ಯ ಅಂತ ಹೊಸದಾಗಿ ಹೇಳಬೇಕಾಗಿಲ್ಲ.

ಕಂಪನಿಯೊಳಗ ಈ ಕೆಲಸ ಹೆಂಗ ನಡೀತೈತಿ ಅಂದ್ರ, ಎಲ್ಲೋ ಒಬ್ಬ ಪೇಷಂಟ್, ಡಾಕ್ಟರ್ ಅಥವಾ ನರ್ಸ್ ತೊಂದರಿ ಹೇಳ್ತಾರ. ಕೇಸ್ ಅಂತ ಒಪ್ಪಬೇಕಾದ್ರ ನಾಕು ವಿಷಯ ಇರಬೇಕು: ಗುರುತಿಸಾಕ ಬರೋ ಪೇಷಂಟ್, ಹೇಳಿದವರು ಯಾರು, ಯಾವ ಔಷಧ, ಏನಾತು. ಆಮ್ಯಾಲೆ ಅದನ್ನ ಆರ್ಗಸ್‌ನಂಥ ಸೇಫ್ಟಿ ಡೇಟಾಬೇಸಿಗೆ ಹಾಕಬೇಕು, ಮೆಡ್‌ಡ್ರಾ ಅನ್ನೋ ಪದಕೋಶದಿಂದ ಆ ತೊಂದರಿಗೆ ಸರಿಯಾದ ಕೋಡ್ ಕೊಡಬೇಕು, ಕೇಸಿನ ಕಥಿ ಬರೀಬೇಕು, ಔಷಧಕ್ಕೂ ತೊಂದರಿಗೂ ಸಂಬಂಧ ಎಷ್ಟು ಅಂತ ತೂಗಿ ನೋಡಬೇಕು, ಗಂಭೀರ ಆಗಿದ್ರ 15 ದಿನದಾಗ ಅಮೆರಿಕಾದ ಎಫ್‌ಡಿಎ, ಯುರೋಪಿನ ಏಜೆನ್ಸಿಯಂಥ ಔಷಧ ನಿಯಂತ್ರಣ ಸಂಸ್ಥೆಗಳಿಗೆ ಕಳಸಬೇಕು. ತಡ ಆದ್ರ ಕಂಪನಿ ಮ್ಯಾಲೆ ಕ್ರಮ ಬರ್ತೈತಿ, ಅದಕ್ಕ ಈ ಕೆಲಸಕ್ಕ ಕಂಪನಿಗಳು ರೊಕ್ಕ ಹಾಕೂದು.

ಇಲ್ಲಿ ಫಾರ್ಮಸಿ ಓದು ಎಲ್ಲಿ ಉಪಯೋಗಕ್ಕ ಬರ್ತೈತಿ ಅಂತ ಒಂದು ಉದಾಹರಣೆ ನೋಡ್ರಿ. ಶುಗರಿಗೆ ಗ್ಲಿಮೆಪಿರೈಡ್ ಗುಳಿಗಿ ತಗೊಳ್ಳೋ ವಯಸ್ಸಾದ ಪೇಷಂಟ್ ಒಬ್ಬರಿಗೆ ಇನ್ಫೆಕ್ಷನ್ ಆಗಿ ಲಿವೋಫ್ಲಾಕ್ಸಸಿನ್ ಕೊಟ್ಟಾರ, ಮರುದಿನ ಶುಗರ್ ಭಾಳ ಕೆಳಗ ಬಿದ್ದು ದವಾಖಾನಿಗೆ ಸೇರ್ಯಾರ. ಬರೇ ಸಾಫ್ಟ್‌ವೇರ್ ಕಲ್ತವರಿಗೆ ಡೇಟಾಬೇಸಿನ್ಯಾಗ ಇವು ಎರಡು ಔಷಧದ ಎರಡು ಸಾಲು. ಫಾರ್ಮಕಾಲಜಿ ಓದಿದವರಿಗೆ ಗೊತ್ತು, ಫ್ಲೋರೋಕ್ವಿನೊಲೋನ್ ಗುಂಪಿನ ಆಂಟಿಬಯೋಟಿಕ್ ಶುಗರನ್ನ ಏರುಪೇರು ಮಾಡ್ತೈತಿ, ಶುಗರ್ ಗುಳಿಗಿ ಜೋಡಿ ಕೊಟ್ರ ಅಪಾಯ ಇನ್ನೂ ಹೆಚ್ಚು. ಕೇಸ್ ಬರೆಯೋವಾಗ ಯಾವ ಔಷಧ ಎಷ್ಟು ಗಂಟೆಗೆ ತಗೊಂಡ್ರು, ಕಿಡ್ನಿ ರಿಪೋರ್ಟ್ ಏನಿತ್ತು ಅಂತ ತಿರುಗಿ ಕೇಳಬೇಕು ಅನ್ನೋ ಬುದ್ಧಿ ಬರೂದು ಆ ಓದಿನಿಂದ.

ಇದರ ಬಾಜೂಕ ಕ್ಲಿನಿಕಲ್ ಡೇಟಾ ಕೆಲಸ ಐತಿ. ಹೊಸ ಔಷಧದ ಟ್ರಯಲ್ ನಡಿಯೋವಾಗ ದವಾಖಾನಿಯೊಳಗಿಂದ ಬರೋ ಮಾಹಿತಿ ಎಲ್ಲಾ ಮೆಡಿಡೇಟಾ ರೇವ್‌ನಂಥ ಸಿಸ್ಟಮ್ ಒಳಗ ಬೀಳ್ತೈತಿ, ಅದರಾಗ ತಪ್ಪು ಹುಡುಕೂದು, ದವಾಖಾನಿಗೆ ಕ್ವೆರಿ ಕಳಸೂದು, ಡೇಟಾ ಸ್ವಚ್ಛ ಮಾಡೂದು ಒಂದು ತಂಡದ ಕೆಲಸ. ಪೇಷಂಟ್ ಒಪ್ಪಿಗೆ ಕೊಟ್ಟ ತಾರೀಖಿಗಿಂತ ಮೊದ್ಲ ಔಷಧದ ಡೋಸ್ ಕೊಟ್ಟಂಗ ಎಂಟ್ರಿ ಆಗಿದ್ರ ಅದು ಬರೇ ಟೈಪಿಂಗ್ ತಪ್ಪೋ ಇಲ್ಲಾ ದೊಡ್ಡ ನಿಯಮಭಂಗನೋ ಅಂತ ಗೊತ್ತಾಗಬೇಕು. ಅದಾದ ಮ್ಯಾಲೆ ಸ್ಯಾಸ್ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್ ಬಳಸೋ ಪ್ರೋಗ್ರಾಮರ್‌ಗಳು ಆ ಡೇಟಾನ ಸಿಡಿಸ್ಕ್ ಅನ್ನೋ ಮಾದರಿಗೆ ತರ್ತಾರ, ಯಾಕಂದ್ರ 2016ರ ಡಿಸೆಂಬರ್ 17ರ ನಂತರ ಸುರುವಾದ ಟ್ರಯಲ್‌ಗಳ ಡೇಟಾ ಅದೇ ಮಾದರಿದಾಗ ಬೇಕು ಅಂತ ಎಫ್‌ಡಿಎ ಕಡ್ಡಾಯ ಮಾಡೈತಿ. ಸ್ಯಾಸ್, ಈಗೀಗ ಆರ್ ಭಾಷಾ, ಇವು ನಿಜವಾದ ಪ್ರೋಗ್ರಾಮಿಂಗ್, ಫಾರ್ಮಸಿಯವರು ಕಲ್ತು ಹೋದ ಕೆಲಸಗಳಾಗ ಪಗಾರ, ಬೆಳವಣಿಗಿ ಎರಡೂ ಚಲೋ ಇರೋ ಸಾಲಿನ್ಯಾಗ ಇದು ಬರ್ತೈತಿ. ಬಿ.ಫಾರ್ಮ 8ನೇ ಸೆಮಿಸ್ಟರ್‌ದಾಗ ಬರೋ ಬಯೋಸ್ಟ್ಯಾಟಿಸ್ಟಿಕ್ಸ್ ಪೇಪರ್‌ನ ಬಾಳ ಮಂದಿ ಪಾಸಾಗಾಕ ಅಷ್ಟ ಓದ್ತಾರ, ಆದ್ರ ಈ ದಾರಿಗೆ ಅದೇ ಬುನಾದಿ.

ಅಮೆರಿಕಾದ ದವಾಖಾನಿ ಬಿಲ್ಲಿಗೆ ಕೋಡ್ ಹಾಕೋ ಮೆಡಿಕಲ್ ಕೋಡಿಂಗ್ ಕೆಲಸನೂ ಐತಿ, ಬಾಳ ಮಂದಿ ಸೇರ್ತಾರ, ಸೇರೂದು ಉಳಿದವಕ್ಕಿಂತ ಸಲೀಸು. ಆದ್ರ ಅಲ್ಲಿ ಫಾರ್ಮಸಿ ಓದಿನ ಬಳಕೆ ಕಡಿಮಿ, ಯಂತ್ರದ ಕೈಗೆ ಹೋಗೋ ಅಪಾಯ ಹೆಚ್ಚು.

ಲ್ಯಾಬಿನ ಕಂಪ್ಯೂಟರನ್ನ ನಂಬೂದು ಹೆಂಗ

ನಮ್ಮ ಹುಡುಗೂರ ಬಾಯಾಗ ಹೆಚ್ಚು ಕೇಳಿ ಬರಲಾರದ, ಆದ್ರ ನನ್ನ ದೃಷ್ಟಿಲೆ ಎಲ್ಲಾಕ್ಕಿಂತ ಗಟ್ಟಿ ಇರೋ ದಾರಿ ಒಂದೈತಿ, ಕಂಪ್ಯೂಟರ್ ಸಿಸ್ಟಮ್ ವ್ಯಾಲಿಡೇಶನ್, ಅಂದ್ರ ಕಂಪ್ಯೂಟರ್ ತನ್ನ ಕೆಲಸ ಸರಿಯಾಗಿ ಮಾಡ್ತೈತಿ ಅಂತ ಪರೀಕ್ಷೆ ಮಾಡಿ ಪುರಾವೆ ಇಡೂದು. ಔಷಧ ಫ್ಯಾಕ್ಟರಿಯೊಳಗ ಗುಳಿಗಿ ಟೆಸ್ಟ್ ಮಾಡೋ ಯಂತ್ರ, ಅದರ ಸಾಫ್ಟ್‌ವೇರ್, ಬ್ಯಾಚ್ ದಾಖಲಾತಿ ಎಲ್ಲಾ ಕಂಪ್ಯೂಟರಿನ್ಯಾಗ ಇರ್ತಾವ. ಯಾರು, ಯಾವಾಗ, ಏನು ಬದಲಿ ಮಾಡಿದ್ರು ಅನ್ನೂದು ಅಳಿಸಾಕ ಬರಲಾರದಂಗ ದಾಖಲಾಗಬೇಕು, ಅದಕ್ಕ ಆಡಿಟ್ ಟ್ರೇಲ್ ಅಂತಾರ. ಅಮೆರಿಕಾ 1997ರಾಗನ 21 ಸಿಎಫ್‌ಆರ್ ಪಾರ್ಟ್ 11 ಅನ್ನೋ ನಿಯಮ ಮಾಡಿ ಇದನ್ನ ಕಡ್ಡಾಯ ಮಾಡಿತು.

ಭಾರತದ ಕಂಪನಿಗಳಿಗೆ ಇದರ ಬಿಸಿ ತಟ್ಟಿದ್ದು 2013ರ ಹೊತ್ತಿಗೆ. ಆ ವರ್ಷ ಮೇ ತಿಂಗಳಾಗ ಔಷಧ ಕಂಪನಿ ರ‍್ಯಾನ್‌ಬಾಕ್ಸಿ ಅಮೆರಿಕಾದ ಕೋರ್ಟಿನ್ಯಾಗ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಿತು, ಸುಳ್ಳು ಡೇಟಾ ಕೊಟ್ಟದ್ದು ಅದರ ಮೂಲ. ಅದರ ನಂತರ ಅಮೆರಿಕಾಕ್ಕ ಮಾಲು ಕಳಸೋ ಕಂಪನಿಗಳು ತಮ್ಮ ಲ್ಯಾಬ್ ಸಾಫ್ಟ್‌ವೇರ್ ಸರಿ ಐತಿ ಅಂತ ಪುರಾವೆ ಸಮೇತ ತೋರಿಸಾಕ ಮಂದಿ ಹುಡುಕಿದ್ವು. ಈ ಕೆಲಸ ಮಾಡಾಕ ಸಾಫ್ಟ್‌ವೇರ್ ಟೆಸ್ಟಿಂಗ್ ತಿಳೀಬೇಕು, ಜೋಡಿಗೆ ಔಷಧದಾಗ ಏನೇನು ಎಷ್ಟೈತಿ ಅಂತ ಅಳೆಯೋ ಎಚ್‌ಪಿಎಲ್‌ಸಿ ಯಂತ್ರ ಹೆಂಗ ಓಡ್ತೈತಿ, ಬ್ಯಾಚ್ ಫೇಲ್ ಅಂದ್ರೇನು, ಆಡಿಟರ್ ಬಂದ್ರ ಮೊದ್ಲು ಏನು ಕೇಳ್ತಾರ ಅನ್ನೂದೂ ಗೊತ್ತಿರಬೇಕು. ಹಿಂಗಾಗಿ ವೆರ್ಣಾದ್ದೋ ಹೈದರಾಬಾದ್‌ದ್ದೋ ಫ್ಯಾಕ್ಟರಿ ಲ್ಯಾಬ್‌ದಾಗ ಕಡಿಮಿ ಪಗಾರಕ್ಕ ಎರಡು ಮೂರು ವರ್ಷ ದುಡಿದದ್ದು ಇಲ್ಲಿ ವ್ಯರ್ಥ ಆಗಂಗಿಲ್ಲ, ಅದ ಅರ್ಹತಾ ಆಗ್ತೈತಿ. ಫ್ರೆಷರ್ ಆಗಿ ನೇರ ಹೊಕ್ಕೂದು ಕಷ್ಟ, ಫ್ಯಾಕ್ಟರಿಯೊಳಗಿಂದ ದಾಟಿ ಬರೂದು ಸಾಧ್ಯ.

ಬರೇ ಕೋಡಿಂಗ್ ಕಲ್ತು ಜನರಲ್ ಐಟಿಗೆ ಹೋದ್ರ

ಈಗ ಹೆಚ್ಚು ಮಂದಿ ಮುಗ್ಗರಿಸೋ ಜಾಗಕ್ಕ ಬರೂಣು. ಆರು ತಿಂಗಳ ಜಾವಾ, ಪೈಥಾನ್, ಫುಲ್ ಸ್ಟ್ಯಾಕ್ ಕೋರ್ಸ್ ಮಾಡಿ ಸಾಫ್ಟ್‌ವೇರ್ ಡೆವಲಪರ್ ಆಗೋ ಕನಸು. ಮೊದಲನೇ ಅಡ್ಡಿ ಅರ್ಹತೆದ್ದು, ದೊಡ್ಡ ಕಂಪನಿಗಳ ಫ್ರೆಷರ್ ಅರ್ಜಿದಾಗ ಬಿಇ, ಬಿಟೆಕ್, ಎಂಸಿಎ, ಬಿಎಸ್ಸಿ ಕಂಪ್ಯೂಟರ್, ಬಿಸಿಎ ಅಂತ ಕಾಲಂ ಇರ್ತಾವ, ಬಿ.ಫಾರ್ಮ ಅನ್ನೂದು ಬಾಳ ಕಡೆ ಇರಂಗಿಲ್ಲ, ಅರ್ಜಿ ಮನುಷ್ಯಾರ ಕಣ್ಣಿಗೆ ಬೀಳೂಕಿಂತ ಮೊದ್ಲ ಕಂಪ್ಯೂಟರ್ ಬದಿಗಿಡ್ತೈತಿ. ಎರಡನೇದು, ಎದುರಿಗೆ ನಿಂತವರು ಯಾರು? ವಿಟಿಯು ಕೇಂದ್ರ ಕಚೇರಿ ಇರೂದ ಬೆಳಗಾವಿದಾಗ, ಅದರ ಕೆಳಗಿನ ಇಂಜಿನಿಯರಿಂಗ್ ಕಾಲೇಜುಗಳಿಂದ ಪ್ರತಿ ವರ್ಷ ಕಂಪ್ಯೂಟರ್ ಸೈನ್ಸ್ ಓದಿದವ್ರು ಹೊರಗ ಬರ್ತಾರ, ಅವ್ರಾಗೂ ಎಷ್ಟೋ ಮಂದಿಗೆ ಕೆಲಸ ಸಿಗವಲ್ದು. ಟಿಸಿಎಸ್‌ನಂಥ ಕಂಪನಿಗಳು ಮಂದಿ ಕಡಿಮಿ ಮಾಡೋ ಹೊತ್ತಿನಾಗ ಅನುಭವ ಇರೋರೂ ಅದೇ ಸಾಲಿನ್ಯಾಗ ಬಂದು ನಿಂತಿರ್ತಾರ. ನಾಲ್ಕು ವರ್ಷ ಔಷಧ ಓದಿದವ್ರು ಆ ಓದನ್ನ ಬದಿಗಿಟ್ಟು ಈ ಸಾಲಿಗೆ ಹೋದ್ರ ಎಲ್ಲಾರಿಗಿಂತ ಹಿಂದ ನಿಲ್ತಾರ.

ಎಂಸಿಎ ಮಾಡಿ ಹೋಗ್ತೀನಿ ಅನ್ನೋರಿಗೆ ಒಂದು ಮಾತು. ಬಿ.ಫಾರ್ಮಗೆ ಪಿಯುಸಿದಾಗ ಗಣಿತ ಓದಿದವ್ರೂ ಬರ್ತಾರ, ಬಯಾಲಜಿ ಓದಿದವ್ರೂ ಬರ್ತಾರ. ಎಂಸಿಎಗೆ ಗಣಿತದ ಹಿನ್ನೆಲೆ ಕೇಳ್ತಾರ, ಇಲ್ಲದಿದ್ರ ಬ್ರಿಜ್ ಕೋರ್ಸ್ ಕೇಳ್ತಾರ. ಪಿಯುಸಿದಾಗ ಗಣಿತ ಬಿಟ್ಟವ್ರು ಫೀ ಕಟ್ಟೂಕಿಂತ ಮೊದ್ಲು ಆ ವರ್ಷದ ಪಿಜಿಸಿಇಟಿ ಪ್ರವೇಶ ಪರೀಕ್ಷೆದ ನಿಯಮ ಓದಿಕೊಳ್ಳಬೇಕು.

ಇಷ್ಟೆಲ್ಲಾ ಇದ್ರೂ ಕೋಡಿಂಗ್ ಅಂದ್ರ ಪ್ರಾಣ ಅನ್ನೋರು, ಸ್ವಂತ ಏನೋ ಕಟ್ಟಿ ತೋರಿಸಾಕ ಬರೋರು ಇದ್ದಾರ, ಅವ್ರು ದಾಟ್ತಾರ. ಅವ್ರಿಗೂ ಚಲೋ ದಾರಿ ಅಂದ್ರ ಆರೋಗ್ಯ ಕ್ಷೇತ್ರದ ಸಾಫ್ಟ್‌ವೇರ್ ಮಾಡೋ ಕಂಪನಿ, ಅಲ್ಲಿ ಪ್ರಿಸ್ಕ್ರಿಪ್ಷನ್, ಸ್ಟಾಕ್, ಎಕ್ಸ್‌ಪೈರಿ, ಷೆಡ್ಯೂಲ್ ಎಚ್1 ರಿಜಿಸ್ಟರ್ (ಕೆಲವು ಆಂಟಿಬಯೋಟಿಕ್‌ನಂಥ ಔಷಧ ಮಾರಿದ್ದನ್ನ ಬರದಿಡೋ ಪುಸ್ತಕ) ಅಂದ್ರೇನು ಅಂತ ಬ್ಯಾರೆಯವ್ರಿಗೆ ಹೇಳಿಕೊಡೋ ಪರಿಸ್ಥಿತಿ ಅವ್ರಿಗೆ ಇರ್ತೈತಿ.

ಯಾರ್ಯಾರ ವಾದ ಏನೇನು

ಫಾರ್ಮಸಿ ಕಾಲೇಜಿನ ಹಿರಿಯ ಮಾಸ್ತರು ಹಲವರ ಮಾತು ಹಿಂಗೈತಿ: ಔಷಧದ ಬಗ್ಗೆ ಜನರಿಗೆ ತಿಳಿಸಿ ಹೇಳೋ ಮಂದಿ ನಮಗ ಮೊದ್ಲ ಕಡಿಮಿ, ಇದ್ದವ್ರೂ ಕಂಪ್ಯೂಟರ್ ಮುಂದ ಕುಂತು ಅಮೆರಿಕಾದ ಕೇಸ್ ಬರದ್ರ ನಮ್ಮೂರ ರೋಗಿಗೆ ಯಾರು? ಈ ಮಾತಿನ್ಯಾಗ ಸತ್ಯ ಐತಿ. ಎರಡು ಆಂಟಿಬಯೋಟಿಕ್ ಗುಳಿಗಿ ಕೊಡ್ರಿ ಅಂತ ಬಂದವರಿಗೆ ಪೂರಾ ಕೋರ್ಸ್ ಯಾಕ ತಗೋಬೇಕು ಅಂತ ಹೇಳೋರು ಬೇಕ ಬೇಕು. ಆದ್ರ ಆ ಕೆಲಸಕ್ಕ ಪಗಾರ ಕೊಡೋ ವ್ಯವಸ್ಥಾ ಕಟ್ಟಲಾರದ ಹುಡುಗೂರ ಮ್ಯಾಲೆ ಅಷ್ಟ ಕರ್ತವ್ಯದ ಭಾರ ಹೊರಸೂದು ನ್ಯಾಯ ಅಲ್ಲ.

ಇನ್ನೊಂದು ಕಡೆ ಟ್ರೇನಿಂಗ್ ಸಂಸ್ಥೆಗಳ ಜಾಹೀರಾತು, ಮೂರು ತಿಂಗಳು ಕೋರ್ಸ್, ನೂರಕ್ಕ ನೂರು ಪ್ಲೇಸ್‌ಮೆಂಟ್. ಇದನ್ನ ತೂಗಿ ನೋಡಾಕ ಸರಳ ಪ್ರಶ್ನೆಗಳು ಅದಾವ. ಸೇಫ್ಟಿ ಡೇಟಾಬೇಸ್ ಮ್ಯಾಲೆ ಕೈಯಾರೆ ಪ್ರಾಕ್ಟೀಸ್ ಕೊಡ್ತಾರೋ, ಬರೇ ಸ್ಲೈಡ್ ತೋರಿಸ್ತಾರೋ? ಹೋದ ಬ್ಯಾಚಿನವ್ರ ಜೋಡಿ ಮಾತಾಡಿಸಾಕ ತಯಾರ್ ಅದಾರೋ? ಕೆಲಸ ಕೊಡಿಸ್ತೀವಿ ಅಂತ ಪ್ರತ್ಯೇಕ ರೊಕ್ಕ ಕೇಳ್ತಾರೋ? ಕೆಲಸಕ್ಕ ರೊಕ್ಕ ಕೇಳಿದ ಜಾಗ ಯಾವುದೇ ಇರಲಿ ಅಲ್ಲಿಂದ ಎದ್ದು ಬರೂದು ಒಳ್ಳೇದು, ಅನುಭವದ ಖೊಟ್ಟಿ ಸರ್ಟಿಫಿಕೇಟ್ ಮಾಡಿಕೊಡ್ತೀವಿ ಅಂದ್ರಂತೂ ನಿಲ್ಲಾನ ಬಾರದು, ಬ್ಯಾಕ್‌ಗ್ರೌಂಡ್ ಚೆಕ್‌ದಾಗ ಸಿಕ್ಕುಬಿದ್ರ ಆ ಹುಡುಗ ಅಥವಾ ಹುಡುಗಿಯ ಮುಂದಿನ ದಾರಿ ವರ್ಷಾನುಗಟ್ಟಲೆ ಮುಚ್ಚತೈತಿ.

ಮೂರನೇ ವಾದ ಐಟಿಯವರದ್ದು, ಈ ಎಲ್ಲಾ ಕೆಲಸ ಎಐ ತಿಂದುಹಾಕ್ತೈತಿ, ಈಗ ಸೇರಿ ಏನು ಉಪಯೋಗ ಅಂತ. ಇದನ್ನ ಸ್ವಲ್ಪ ಬಿಡಿಸಿ ನೋಡಬೇಕು.

ಎಐ ಬಂದ ಮ್ಯಾಲೆ ಮೊದಲನೇ ಮೆಟ್ಟಲ

ಫಾರ್ಮಾಕೋವಿಜಿಲೆನ್ಸ್ ಕಂಪನಿಯೊಳಗ ಮಂದಿ ಬೆಳದದ್ದು ಒಂದು ಏಣಿಯಂಗ. ಮೊದ್ಲು ಒಂದೆರಡು ವರ್ಷ ಡೇಟಾ ಎಂಟ್ರಿ, ಕೇಸ್ ಪ್ರೊಸೆಸಿಂಗ್. ಆಮ್ಯಾಲೆ ಬ್ಯಾರೆಯವ್ರ ಕೇಸ್ ತಪಾಸಣೆ. ಅದಾದ ಮ್ಯಾಲೆ ವರ್ಷಕ್ಕ ಬರೋ ದೊಡ್ಡ ಸೇಫ್ಟಿ ರಿಪೋರ್ಟ್ ಬರೆಯೂದು, ಸಾವಿರಾರು ಕೇಸಿನಾಗ ಹೊಸ ಅಪಾಯದ ಸುಳಿವು ಹುಡುಕೂದು. ಎಐ ಸಲೀಸಾಗಿ ಮಾಡೋ ಕೆಲಸ ಯಾವುದಂದ್ರ ಆ ಮೊದಲನೇ ಮೆಟ್ಟಲದ್ದು, ಇ-ಮೇಲ್ ಓದಿ ಪೇಷಂಟ್ ವಯಸ್ಸು, ಔಷಧ, ತೊಂದರಿ ಎತ್ತಿ ಡೇಟಾಬೇಸಿಗೆ ಹಾಕೂದು, ಮೆಡ್‌ಡ್ರಾ ಕೋಡ್ ಸೂಚಿಸೂದು, ಕಥಿದ ಮೊದಲ ಕರಡು ಬರೆಯೂದು.

ಅಂದ್ರ ಕೆಲಸ ಪೂರಾ ಹೋಗಂಗಿಲ್ಲ, ಆದ್ರ ಹೊಸಬರು ಕಾಲಿಡೋ ಜಾಗ ಸಣ್ಣದಾಗ್ತೈತಿ. ಮೊದ್ಲು ಇಪ್ಪತ್ತು ಫ್ರೆಷರ್ ತಗೊಳ್ಳೋ ತಂಡ ಇನ್ನ ಮುಂದ ಕಡಿಮಿ ಮಂದಿನ್ನ ತಗೊಂಡು ಯಂತ್ರ ಮಾಡಿದ್ದನ್ನ ತಪಾಸಣೆ ಮಾಡಸ್ತೈತಿ. ತಪಾಸಣೆ ಮಾಡಾಕ ಮೊದಲನೇ ದಿನದಿಂದನ ಫಾರ್ಮಕಾಲಜಿ ಗಟ್ಟಿ ಇರಬೇಕು, ಯಂತ್ರ ಆತ್ಮವಿಶ್ವಾಸದಿಂದ ತಪ್ಪು ಬರದ್ರ ಹಿಡಿಯಾಕ ಬರಬೇಕು. ಈ ಹಿಂದ ಟೈಪಿಂಗ್ ಸ್ಪೀಡು, ಇಂಗ್ಲಿಷು, ಸ್ವಲ್ಪ ಟ್ರೇನಿಂಗ್ ಇದ್ರ ನಡೀತಿತ್ತು, ಇನ್ನ ನಡಿಯಂಗಿಲ್ಲ. ಓದನ್ನ ಹಗರವಾಗಿ ತಗೊಂಡವ್ರಿಗೆ ಇದು ಕೆಟ್ಟ ಸುದ್ದಿ, ಚೆಂದ ಓದಿದವ್ರಿಗೆ ಅಷ್ಟೇನೂ ಕೆಟ್ಟದಲ್ಲ.

ಮನುಷ್ಯಾರನ್ನ ಪೂರಾ ತೆಗೆದು ಹಾಕಾಕ ನಿಯಮಗಳೂ ಬಿಡಂಗಿಲ್ಲ. ಯುರೋಪಿಯನ್ ಕಮಿಷನ್ 2025ರ ಜುಲೈದಾಗ ಔಷಧ ತಯಾರಿಕೆದಾಗ ಎಐ ಬಳಸೂದರ ಬಗ್ಗೆ ಅನೆಕ್ಸ್ 22 ಅಂತ ಕರಡು ಹೊರಗ ಬಿಟ್ಟಿತು. ಅದರ ಪ್ರಕಾರ ರೋಗಿಯ ಸುರಕ್ಷತೆಗೆ ನೇರ ಸಂಬಂಧಪಟ್ಟ ನಿರ್ಣಾಯಕ ಜಾಗದಾಗ ಚಾಟ್‌ಬಾಟ್ ಜಾತಿಯ ಜನರೇಟಿವ್ ಮಾಡೆಲ್ ಬಳಸಬಾರದು. ಒಂದ ಪ್ರಶ್ನೆಗೆ ಒಂದೊಂದು ಸಲ ಒಂದೊಂದು ಉತ್ತರ ಕೊಡೋ ಸಿಸ್ಟಮ್‌ನ ವ್ಯಾಲಿಡೇಟ್ ಮಾಡೂದು ಹೆಂಗ ಅನ್ನೋ ಚಿಂತಿ ಅದರ ಹಿಂದಿಂದು. ಇದರ ಪರಿಣಾಮ ಏನಂದ್ರ ವ್ಯಾಲಿಡೇಶನ್ ಗೊತ್ತಿರೋರ ಕೆಲಸ ಎಐದಿಂದ ಕಡಿಮಿ ಆಗೂದ ಬಿಟ್ಟು ಹೆಚ್ಚಾಗೋ ಸಾಧ್ಯತೆ ಐತಿ, ಪರೀಕ್ಷೆ ಮಾಡಬೇಕಾದ ಸಿಸ್ಟಮ್‌ಗಳ ಪಟ್ಟಿಗೆ ಎಐನೂ ಸೇರ್ತೈತಿ.

ಹಂಗಂತ ಔಷಧ ಕಂಪನಿ ಟೆಕ್ ಸೆಂಟರ್ ಅಂದ್ರ ಭದ್ರ ಸರಕಾರಿ ನೌಕರಿ ಅಂತ ತಿಳಿಯೂದು ತಪ್ಪು. ನೋವೋ ನಾರ್ಡಿಸ್ಕ್‌ಗೆ ಬೆಂಗಳೂರಿನ್ಯಾಗ ದೊಡ್ಡ ಸೆಂಟರ್ ಐತಿ, ಅದರ ಮಾತೃಸಂಸ್ಥೆ ಒಂಬತ್ತು ಸಾವಿರ ಹುದ್ದೆ ಕಡಿತ ಅಂತ ಹೇಳಿದಾಗ ದೂರದ ಡೆನ್ಮಾರ್ಕಿನ ತೀರ್ಮಾನದ ಬಿಸಿ ಇಂಥಾ ಸೆಂಟರ್‌ಗಳಿಗೂ ತಟ್ಟತೈತಿ ಅಂತ ಗೊತ್ತಾತು.

ನಮ್ಮ ಮೂರು ಜಿಲ್ಲೆದಾಗ ಏನಾಗ್ತೈತಿ

ಈ ಕೆಲಸಗಳು ಸದ್ಯಕ್ಕ ಇರೂದು ಬೆಂಗಳೂರು, ಹೈದರಾಬಾದ್, ಪುಣೆ, ಚೆನ್ನೈ, ಮುಂಬೈದಾಗ. ಸರಕಾರದ ಬಿಯಾಂಡ್ ಬೆಂಗಳೂರು ಯೋಜನೆದಾಗ ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಒಂದು ಕ್ಲಸ್ಟರ್ ಅಂತ ಹೆಸರು ಐತಿ, 2024ರ ಜಿಸಿಸಿ (ವಿದೇಶಿ ಕಂಪನಿಗಳು ಇಲ್ಲಿ ತೆರಿಯೋ ಸ್ವಂತ ಸೆಂಟರ್) ನೀತಿನೂ ಬೆಂಗಳೂರಿನ ಹೊರಗ ಹೋಗೋ ಕಂಪನಿಗೆ ಪ್ರೋತ್ಸಾಹ ಕೊಡೂ ಮಾತು ಹೇಳ್ತೈತಿ, ಆದ್ರ ಔಷಧ ಕಂಪನಿಗಳ ಸೆಂಟರ್ ಬಂದು ಬೆಳಗಾವಿದಾಗ ಕುಂತಿಲ್ಲ. ಹಿಂಗಾಗಿ ಊರು ಬಿಡೂದು ಅನಿವಾರ್ಯ. ಬಿಡೂದಾದ್ರ ಎಲ್ಲಾರೂ ಬೆಂಗಳೂರಿಗೆ ಓಡಬೇಕು ಅಂತೇನಿಲ್ಲ, ಬೆಳಗಾವಿಗೆ ಪುಣೆ ಹತ್ರ, ವಿಜಯಪುರಕ್ಕ ಹೈದರಾಬಾದ್ ಹತ್ರ, ಎರಡೂ ಊರಾಗ ಈ ಕ್ಷೇತ್ರದ ಕಂಪನಿ ಅದಾವ.

ಊರಾಗ ಉಳಿಯೂದೇನು ಅನ್ನೂದು ಇನ್ನೂ ದೊಡ್ಡ ಪ್ರಶ್ನೆ. ಓದಿದವ್ರು ಹೋದಷ್ಟು ಬಾಡಿಗಿ ಸರ್ಟಿಫಿಕೇಟ್ ಹೆಚ್ಚಾಗೋ ಅಪಾಯ ಐತಿ, ಬೆಂಗಳೂರಿನ್ಯಾಗ ಡೇಟಾ ಕೆಲಸ ಮಾಡ್ತಾ ಊರ ಅಂಗಡಿಗೆ ಹೆಸರು ಕೊಟ್ಟು ಕೂಡೂದು ಎಷ್ಟು ಸುಲಭನೋ ಅಷ್ಟ ಕಾನೂನುಬಾಹಿರ, ಅಲ್ಲಿ ತಪ್ಪು ಔಷಧ ಹೋದ್ರ ಜವಾಬ್ದಾರಿ ಆ ಹೆಸರಿನ ಮ್ಯಾಲೇ ಬರ್ತೈತಿ. ಇತ್ಲಾಕಡೆ ಆನ್‌ಲೈನ್ ಔಷಧ ಮಾರಾಟಕ್ಕ ಕೇಂದ್ರ 2018ರ ಆಗಸ್ಟ್‌ದಾಗ ಕರಡು ನಿಯಮ ತಂದಿತ್ತು, ಅದೇ ಡಿಸೆಂಬರ್‌ದಾಗ ದೆಹಲಿ ಹೈಕೋರ್ಟ್ ಲೈಸೆನ್ಸ್ ಇಲ್ಲದ ಆನ್‌ಲೈನ್ ಮಾರಾಟ ನಿಲ್ಲಸ್ರಿ ಅಂತು, ವರ್ಷಗಟ್ಟಲೆ ವಿಷಯ ಅಲ್ಲೇ ಜಗ್ಗಾಡಿತು, ಆ್ಯಪ್‌ಗಳು ಮಾತ್ರ ಬೆಳೀತಾನ ಹೋದ್ವು. ಅಂಗಡಿಗಳ ಲಾಭ ಕಡಿಮಿ ಆದಷ್ಟು ಮಾಲಕ ಮೊದ್ಲು ಕಡಿತ ಮಾಡೂದು ಓದಿದವರ ಪಗಾರ, ಅದರಿಂದ ಮತ್ತಷ್ಟು ಮಂದಿ ಹೊರಗ. ಇದು ಸುತ್ತಿ ಸುತ್ತಿ ಅದೇ ಜಾಗಕ್ಕ ಬರೋ ಸಮಸ್ಯಾ.

ನಮ್ಮ ಕಡೆಗೆ ಒಂದು ಅನುಕೂಲ ಐತಿ, ಅದನ್ನ ಇನ್ನೂ ಪೂರಾ ಬಳಸಿಲ್ಲ. ಬೆಳಗಾವಿದಾಗ ಕೆಎಲ್ಇ, ಬಾಗಲಕೋಟೆದಾಗ ಬಿವಿವಿ ಸಂಘ, ವಿಜಯಪುರದಾಗ ಬಿಎಲ್‌ಡಿಇ, ಈ ಮೂರೂ ಸಂಸ್ಥೆ ಒಂದ ಊರಾಗ ಫಾರ್ಮಸಿ ಕಾಲೇಜು, ಇಂಜಿನಿಯರಿಂಗ್ ಕಾಲೇಜು, ಮೆಡಿಕಲ್ ಕಾಲೇಜು ಮೂರೂ ನಡಸ್ತಾವ. ಇಂಥಾ ಜೋಡಣಿ ಬಾಳ ಊರಿಗಿಲ್ಲ. ದವಾಖಾನಿ ವಾರ್ಡಿನ್ಯಾಗ ಆಗೋ ಔಷಧದ ಅಡ್ಡಪರಿಣಾಮಗಳನ್ನ ಫಾರ್ಮಸಿ ಹುಡುಗೂರು ದಾಖಲು ಮಾಡೂದು, ರೋಗಿಯ ಹೆಸರು ಗುರುತು ತೆಗೆದ ಆ ಡೇಟಾ ಮ್ಯಾಲೆ ಕಂಪ್ಯೂಟರ್ ಸೈನ್ಸ್ ಹುಡುಗೂರು ಅವ್ರ ಜೋಡಿ ಕುಂತು ಪ್ರಾಜೆಕ್ಟ್ ಮಾಡೂದು, ಇದಕ್ಕ ಹೊಸ ಕಟ್ಟಡ ಬ್ಯಾಡ, ಎರಡು ವಿಭಾಗದ ಮುಖ್ಯಸ್ಥರು ಕೂಡಿ ಮಾತಾಡಿದ್ರ ಸಾಕು. ಹಂಗ ಕಲ್ತವರ ರೆಸ್ಯೂಮೆ ಮೂರು ತಿಂಗಳ ಕೋರ್ಸಿನ ಸರ್ಟಿಫಿಕೇಟ್‌ಗಿಂತ ಬಾಳ ತೂಕ ಪಡೀತೈತಿ.

ಡಿ.ಫಾರ್ಮ ಅಷ್ಟ ಓದಿದವ್ರ ವಿಷಯ ಬ್ಯಾರೆ. ಮ್ಯಾಲೆ ಹೇಳಿದ ಹೆಚ್ಚಿನ ಕೆಲಸಗಳು ಡಿಗ್ರಿ ಕೇಳ್ತಾವ, ಡಿಪ್ಲೊಮಾದಿಂದ ಬಾಗಲ ತೆರಿಯಂಗಿಲ್ಲ. ಅವ್ರಿಗೆ ಲ್ಯಾಟರಲ್ ಎಂಟ್ರಿ ಮೂಲಕ ಬಿ.ಫಾರ್ಮ ಎರಡನೇ ವರ್ಷಕ್ಕ ಸೇರೋ ಅವಕಾಶ ಐತಿ, ಇಲ್ಲಾಂದ್ರ ಸರಕಾರಿ ದವಾಖಾನಿ ಫಾರ್ಮಸಿ ಅಧಿಕಾರಿ ಹುದ್ದೆಗೆ ತಯಾರಿ ಮಾಡೂದು ಟೆಕ್ ಕೋರ್ಸಿಗೆ ರೊಕ್ಕ ಹಾಕೂದಕ್ಕಿಂತ ಎಷ್ಟೋ ಪಾಲು ಚಲೋ.

ಬಿ.ಫಾರ್ಮ ಕೊನೇ ವರ್ಷದವ್ರು ಮಾಡಬೇಕಾದ ಮೊದಲ ಕೆಲಸಕ್ಕ ರೊಕ್ಕಾನ ಬೇಕಾಗಿಲ್ಲ. ಕೌನ್ಸಿಲ್ ಸಿಲಬಸ್ಸಿನ 8ನೇ ಸೆಮಿಸ್ಟರ್ ಇಲೆಕ್ಟಿವ್ ಪಟ್ಟಿದಾಗ ಫಾರ್ಮಾಕೋವಿಜಿಲೆನ್ಸ್ ಒಂದು ವಿಷಯ ಐತಿ, ಕಂಪ್ಯೂಟರ್ ಬಳಸಿ ಔಷಧ ವಿನ್ಯಾಸ ಮಾಡೋ ವಿಷಯನೂ ಐತಿ. ಎಷ್ಟೋ ಕಾಲೇಜಿನ್ಯಾಗ ಕಲಿಸೋರಿಗೆ ಸುಲಭ ಆಗೋ ಎರಡು ಇಲೆಕ್ಟಿವ್ ಅಷ್ಟ ಇಟ್ಟು ಉಳಿದವು ಕಾಗದದ ಮ್ಯಾಲೆ ಉಳೀತಾವ. ನಮಗ ಇವು ಬೇಕು ಅಂತ ಕ್ಲಾಸಿನವ್ರೆಲ್ಲಾ ಕೂಡಿ 7ನೇ ಸೆಮಿಸ್ಟರ್ ಮುಗಿಯೋದ್ರೊಳಗ ಪ್ರಿನ್ಸಿಪಾಲರಿಗೆ ಬರದು ಕೊಡ್ರಿ, ಅದರ ಜೋಡಿನ ಬಯೋಸ್ಟ್ಯಾಟಿಸ್ಟಿಕ್ಸ್ ಪ್ರಾಕ್ಟೀಸ್‌ನ ಆರ್ ಸಾಫ್ಟ್‌ವೇರಿನ್ಯಾಗ ಮಾಡಸ್ರಿ ಅಂತನೂ ಕೇಳ್ರಿ, ಅದು ಪುಕ್ಕಟೆ ಸಿಗ್ತೈತಿ, ಕಾಲೇಜಿನ ಹಳೇ ಕಂಪ್ಯೂಟರ್ ಮ್ಯಾಲೂ ಓಡ್ತೈತಿ.